ವಿಮಾನಕ್ಕಿಟ್ಟ ಬೊಟ್ಟು

ನನ್ನ ವಿಮಾನ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯ ಬಲಗೈಯ ತೋರುಬೆರಳು ಬೆಳ್ಳಗಿದ್ದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ವಿಮಾನದ ರೆಕ್ಕೆಯ ಮೇಲೆ ಸಾಲಾಗಿ ರಿವೆಟ್ಟು ಬಡಿದಿರುತ್ತಾರಲ್ಲ, ಆ ಸಾಲಿನುದ್ದಕ್ಕೂ ಬೆರಳನ್ನು ಒತ್ತಿ ಎಳೆದುಕೊಂಡು ಹೋಗುವರು. ಯಾವುದಾದರೂ ರಿವೆಟ್ಟು ಸಡಿಲವಾಗಿದ್ದರೆ ಅದರ ಸುತ್ತ ಕಪ್ಪು ಪುಡಿ ಕೂತಿರುತ್ತದೆ, ಅದು ಬೆರಳಿಗೆ ಹತ್ತುತ್ತದೆ. ಹತ್ತಿದ್ದನ್ನು ಒರೆಸಲು ಅವರ ಹೆಗಲ ಮೇಲೆಯೇ ಬಟ್ಟೆ ಇರುತ್ತಿತ್ತು. ಅದಕ್ಕೆ ಒರೆಸದೆ ನೇರ ನನ್ನ ಬಿಳಿ ಅಂಗಿಗೆ ಒರೆಸುವರು. ಮೊದಲ ಸಲ ಹಾಗೆ ಮಾಡಿದಾಗ ನಾನು ಅಂಗಿಯನ್ನೂ ಅವರ ಮುಖವನ್ನೂ ನೋಡಿದೆ. "ನೋಡ್ಕೊಳ್ಳಿ ಸಾಮಿ, ನಿಮ್ ವಿಮಾನದ್ದೇ," ಅಂದರು. ಈ ಮನುಷ್ಯನಿಗೂ ನನಗೂ ಆಗಿಬರುವುದಿಲ್ಲ ಅಂತ ಆವತ್ತೇ ಗೊತ್ತಾಯಿತು. ಏಳು ವರ್ಷ ಆಗಿಬರಲಿಲ್ಲ.

ನಾನು ಮಾಲೂರಿನಲ್ಲಿ ಹೆಂಚಿನ ಕಾರ್ಖಾನೆ ನಡೆಸಿದವನು. ಹರೆಯದಲ್ಲಿ ವಿಮಾನ ಹಾರಿಸಲು ಕಲಿತಿದ್ದೆ, ಆಮೇಲೆ ಮಣ್ಣು ಗೂಡು ಲಾರಿ ಅಂತ ಮೂವತ್ತು ವರ್ಷ ಕಳೆದುಹೋಯಿತು. ಕಾರ್ಖಾನೆ ಮುಚ್ಚಿದ ಮೇಲೆ, ಬಾಗಿಲು ಹಾಕಿದ ಒಂದು ಹಾರಾಟದ ಕ್ಲಬ್ಬಿನಿಂದ ನಾಲ್ಕು ಸೀಟಿನ ಹಳೆಯ ವಿಮಾನ ಕೊಂಡೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕದು, ಅಷ್ಟೇ. ಲಕ್ಕೂರಿನಾಚೆ ಒಂದು ಖಾಸಗಿ ರನ್‌ವೇ ಇದೆ, ಅಲ್ಲೇ ತಗಡಿನ ಶೆಡ್ಡು ಹಾಕಿಸಿ ನಿಲ್ಲಿಸಿದೆ. ಆದರೆ ವಿಮಾನ ಇದ್ದರೆ ಸಾಲದು. ಲೈಸೆನ್ಸಿರುವ ಎಂಜಿನಿಯರು ಪರೀಕ್ಷೆ ಮಾಡಿ ಸಹಿ ಹಾಕದೆ ಅದನ್ನು ಒಂದಡಿಯೂ ಮೇಲಕ್ಕೆ ಎತ್ತುವ ಹಾಗಿಲ್ಲ. ಈ ಸುತ್ತಿನಲ್ಲಿ ಹಳೆಯ ವಿಮಾನಕ್ಕೆ ಕೈ ಹಾಕುವವರು ಅಂತ ಇದ್ದದ್ದು ಅವರೊಬ್ಬರೇ. ಮುಳಬಾಗಿಲಿನಾಚೆ ಆಂಧ್ರದ ಗಡಿಯ ಕಡೆಯ ಊರು. ಎಪ್ಪತ್ತರ ಹತ್ತಿರ ವಯಸ್ಸು. ಎರಡು ಬಸ್ಸು ಬದಲಿಸಿ, ಕಬ್ಬಿಣದ ಪೆಟ್ಟಿಗೆ ಹೊತ್ತುಕೊಂಡು ಬರುವರು. ಎಂಜಿನಿಯರ್ ಎಂದು ಕರೆಸಿಕೊಳ್ಳಲು ಅವರಿಗೆ ಇಷ್ಟ. ಅದಕ್ಕೇ ನಾನು, ಒಂದೇ ಒಂದು ಸಲ ಬಿಟ್ಟರೆ, ಕೊನೆಯವರೆಗೂ ಮೇಸ್ತ್ರಿ ಅಂತಲೇ ಕರೆದೆ.

ಮೊದಲನೇ ಜಗಳ ಬಣ್ಣದ್ದು. ಅವರು ಬರುವ ಮುಂಚೆಯೇ ಮಾಲೂರಿನ ಕಾರ್ ಪೇಂಟರೊಬ್ಬನನ್ನು ಹಿಡಿದು ವಿಮಾನಕ್ಕೆ ಬಿಳಿ ಹಳದಿ ಬಳಿಸಿ, ಮದುವಣಗಿತ್ತಿಯ ಹಾಗೆ ಮಾಡಿ ನಿಲ್ಲಿಸಿದ್ದೆ. ಈ ಪುಣ್ಯಾತ್ಮ ಬಂದವರೇ ಬಾಲದಲ್ಲಿ ಮೇಲೆ ಕೆಳಗೆ ಆಡುವ ಹಲಗೆಯನ್ನು ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡು ಕರಕರನೆ ಕೆರೆಯತೊಡಗಿದರು. ನನ್ನ ಹೊಟ್ಟೆಯೇ ಕೆರೆದ ಹಾಗಾಯಿತು. "ರೀ ಮೇಸ್ತ್ರಿ, ಏನ್ ಮಾಡ್ತಿದ್ದೀರಿ?" ಅಂತ ಕೂಗಿದೆ. ತಲೆ ಎತ್ತಲಿಲ್ಲ. "ಬಣ್ಣದ ಭಾರಕ್ಕೆ ಇದರ ತೂಕದ ಹದ ಕೆಟ್ಟೋಗಿದೆ. ಜೋರಾಗಿ ಹೋದ್ರೆ ನಡುಗಿ ನಡುಗಿ ಕಿತ್ಕೊಂಡ್ಹೋಗುತ್ತೆ. ಮೆರವಣಿಗೆಗೆ ಬೇಕಿದ್ರೆ ಹೇಳಿ, ಹಂಗೇ ಬಿಡ್ತೀನಿ," ಅಂದರು. ಹೇಳಿದ್ದು ನಿಜ, ಆಮೇಲೆ ವಿಚಾರಿಸಿದೆ. ಆದರೆ ನಿಜವನ್ನು ಮೂತಿಗೆ ತಿವಿದ ಹಾಗೆ ಹೇಳಬೇಕು ಅಂತ ಯಾವ ಕಾನೂನಿದೆ?

ಅವರ ಇನ್ನೊಂದು ಕಾಟ ಪ್ರಶ್ನೆಯದ್ದು. ಹಾರುವ ಮುಂಚೆ ಪೈಲಟ್ಟು ವಿಮಾನದ ಸುತ್ತ ಒಂದು ಸುತ್ತು ಬಂದು ಎಲ್ಲವನ್ನೂ ಪರೀಕ್ಷಿಸಬೇಕು. ನಾನು ಸುತ್ತು ಮುಗಿಸಿ ಬಂದರೆ ಸಾಕು, ಶೆಡ್ಡಿನ ನೆರಳಿನಿಂದ ಕೇಳುವರು: "ಮುಟ್ಟಿ ನೋಡಿದ್ರಾ, ಬರೀ ನೋಡಿದ್ರಾ?" ಏಳು ವರ್ಷದಲ್ಲಿ ಎಷ್ಟು ಸಲ ಕೇಳಿದರೋ ದೇವರಿಗೇ ಗೊತ್ತು. ಅರವತ್ತು ದಾಟಿದವನನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ!

ಸಂಜೆ ಪೆಟ್ಟಿಗೆ ಮುಚ್ಚುವಾಗ ಸಲಕರಣೆಗಳನ್ನು ತೆಲುಗಿನಲ್ಲಿ ಎಣಿಸುವರು, ಒಕಟಿ, ರೆಂಡು, ಮೂಡು ಅಂತ. ಒಮ್ಮೆ ಹತ್ತನೇ ನಂಬರಿನ ಸ್ಪ್ಯಾನರು ಕಡಿಮೆ ಬಂತು. ವಿಮಾನದ ಹೊಟ್ಟೆಯೊಳಗೆ ಎಲ್ಲಾದರೂ ಬಿದ್ದು ತಂತಿಗೆ ಸಿಕ್ಕಿಕೊಂಡರೆ ಕೆಲಸ ಕೆಟ್ಟಿತು ಅಂತ, ಮರುದಿನವಿಡೀ ತಗಡು ಬಿಚ್ಚಿ, ಟಾರ್ಚು ಹಿಡಿದು, ಹೆಂಗಸರು ಪರ್ಸಿನಲ್ಲಿಟ್ಟುಕೊಳ್ಳುವ ಪುಟ್ಟ ಕನ್ನಡಿ ಹಿಡಿದು ಹುಡುಕಿದರು. ಸ್ಪ್ಯಾನರು ಸಿಕ್ಕಿದ್ದು ನನ್ನ ಕಾರಿನಲ್ಲಿ. ನಂಬರ್ ಪ್ಲೇಟು ಬಿಗಿ ಮಾಡಲು ನಾನೇ ಒಯ್ದಿದ್ದೆ. ಅವರು ಬೈಯಲಿಲ್ಲ. ಅದನ್ನು ಇಸಿದುಕೊಂಡು, ಸೋಪು ಹಾಕಿ ತೊಳೆದು, ಪೆಟ್ಟಿಗೆಯಲ್ಲಿಟ್ಟರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಇಷ್ಟರಲ್ಲಿ ನನ್ನ ಕಣ್ಣು ಕೈಕೊಡತೊಡಗಿತು. ಸಕ್ಕರೆ ಕಾಯಿಲೆ. ಪೈಲಟ್ಟುಗಳಿಗೆ ಆಗಾಗ ಡಾಕ್ಟರ ಪರೀಕ್ಷೆ ಇರುತ್ತದೆ. ಆ ಸಲ ಡಾಕ್ಟರು ಪಾಸು ಮಾಡಿ, "ಸಂಕ್ರಾಂತಿವರೆಗೆ ಇದು ನಡೆಯುತ್ತೆ. ಆಮೇಲೆ ನನ್ನ ಕೈಯಲ್ಲಿ ಆಗಲ್ಲ," ಅಂದುಬಿಟ್ಟರು. ನನಗೆ ಉಳಿದದ್ದು ಅಷ್ಟೇ ಕಾಲ. ಆ ಕೆಲವು ತಿಂಗಳಲ್ಲಿ ಆದಷ್ಟೂ ಹಾರಬೇಕು, ಒಂದು ಸಲವಾದರೂ ಹೆಂಡತಿಯನ್ನು ಕೂರಿಸಿಕೊಂಡು ಅವಳ ತವರೂರು ಹೋಳೂರಿನ ಮೇಲೆ ಸುತ್ತು ಹಾಕಬೇಕು ಅನ್ನುವುದೊಂದೇ ಆಸೆ. ಹಳೆಯ ಮೀಟರುಗಳ ಸಣ್ಣ ಅಂಕಿಗಳು ಕಾಣುತ್ತಿರಲಿಲ್ಲ. ಎಲ್ಲವನ್ನೂ ಕಿತ್ತು ಹೊಸ ಕಾಲದ ದೊಡ್ಡ ಸ್ಕ್ರೀನು ಹಾಕಿಸೋಣ ಅಂದೆ.

"ಕಣ್ಣು ಕಾಣ್ದೇ ಇದ್ರೆ ಟೀವಿ ದೊಡ್ಡದು ತಗೊಳ್ಳೋದಾ ಸಾಮಿ?" ಅಂದರು.

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಸ್ಕ್ರೀನು ತರಿಸಿದೆ. ಅದು ಡಬ್ಬಿಯಲ್ಲೇ ಕೂತಿತು. ಮೊದಲು ಎಂಜಿನ್ನಿನ ರಬ್ಬರ್ ಪೈಪುಗಳೆಲ್ಲ ಬದಲಾಗಬೇಕು ಅಂದರು. ಬದಲಾಯಿತು. ಹೊಗೆ ಹೋಗುವ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆ ಅಂದರು. ಅದೂ ಬದಲಾಯಿತು. ನನ್ನ ತಿಂಗಳುಗಳು ಹೀಗೆ ಒಂದೊಂದಾಗಿ ಅವರ ಪೆಟ್ಟಿಗೆಯೊಳಗೆ ಹೋದವು. ಕೊನೆಗೆ ವಿಮಾನಯಾನ ಇಲಾಖೆಯ ಒಪ್ಪಿಗೆ ಬಂದು ಸ್ಕ್ರೀನು ಕೂತಾಗ ನವರಾತ್ರಿ ಶುರುವಾಗಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಹಳೆಯ ಗುಂಡಿ ಉಳಿದಿತ್ತು. ಅದನ್ನು ತೆಗೆದು ಅದೇ ತೂತಿನಲ್ಲಿ ಮೊಬೈಲ್ ಚಾರ್ಜು ಮಾಡುವ ಸಾಕೆಟ್ಟು ಹಾಕಿ ಅಂದೆ. ಅಬ್ಬಾ, ಎಗರಿ ಬಿದ್ದರು. "ನೀಕು ಪಿಚ್ಚಿ ಪಟ್ಟಿಂದಾ? ಹುಚ್ಚು ಹಿಡಿದಿದ್ಯಾ? ಎತ್ತರ ತೋರ್ಸೋದಕ್ಕೆ, ವೇಗ ತೋರ್ಸೋದಕ್ಕೆ ಹೊರಗಡೆ ಗಾಳಿ ಬರೋ ತೂತು ಒಂದೇ ಒಂದು. ಅದು ಕಟ್ಕೊಂಡ್ರೆ ಈ ಗುಂಡಿ ಎಳೀಬೇಕು, ಒಳಗಡೆ ಗಾಳಿ ತಗೊಳ್ಳುತ್ತೆ. ಇದನ್ನ ಕಿತ್ತು ಫೋನು ಚಾರ್ಜ್ ಮಾಡ್ತೀಯಾ?" ಸಿಟ್ಟು ಬಂದರೆ ಅವರಿಗೆ ತೆಲುಗೂ ಏಕವಚನವೂ ಜೊತೆಯಲ್ಲೇ ಬರುತ್ತಿದ್ದವು. ನಾನೂ ಬಿಡಲಿಲ್ಲ. "ನಿಮಗೆ ಹೊಟ್ಟೆಕಿಚ್ಚು ಮೇಸ್ತ್ರಿ. ನಾನು ಹಾರೋದು ನಿಮಗೆ ಬೇಕಾಗಿಲ್ಲ," ಅಂದೆ. ಅವರು ಗುಂಡಿ ಅಲ್ಲೇ ಬಿಟ್ಟು, ಸಹಿ ಹಾಕಿ, ಪೆಟ್ಟಿಗೆ ಎತ್ತಿಕೊಂಡು, ಹಬ್ಬಕ್ಕೆ ಅಂತ ಊರಿಗೆ ಹೊರಟುಹೋದರು.

ಆಯುಧಪೂಜೆ ಮಾಡಿದೆ. ನಮ್ಮ ಕಡೆ ಟ್ರ್ಯಾಕ್ಟರು ಬಿಡುವುದಿಲ್ಲ, ಬೋರ್‌ವೆಲ್ ಪಂಪು ಬಿಡುವುದಿಲ್ಲ, ವಿಮಾನ ಬಿಡಲು ಆಗುತ್ತದೆಯೇ? ತೊಳೆದು ಒರೆಸಿ, ಮೂತಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದದ್ದಾಯಿತು. ಬಾಗಿಲಿಗಿಂತ ಮುಂದೆ, ವಿಮಾನದ ಮೈಮೇಲೆ ಒಂದು ಪುಟ್ಟ ಲೋಹದ ಬಿಲ್ಲೆ ಇತ್ತು, ದುಂಡಗೆ, ಹೊಳೆಯುತ್ತಾ, ಬೊಟ್ಟಿಡಲಿಕ್ಕೆಂದೇ ಮಾಡಿದ ಹಾಗೆ. ಅದರ ಮೇಲೆ ದಪ್ಪಗೆ ಗಂಧ ಹಚ್ಚಿ, ಮಧ್ಯೆ ಕುಂಕುಮ ಒತ್ತಿದೆ. ಆ ಬಿಲ್ಲೆಯ ನಡುವೆಯೇ ಸೂಜಿಮೊನೆಯಷ್ಟು ತೂತು. ಅವರು ಹೇಳಿದ ತೂತು ಅದೇ ಅಂತ ಆಗ ತಲೆಗೆ ಹೊಳೆಯಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಹೆಂಡತಿ ರೇಷ್ಮೆ ಸೀರೆ ಉಟ್ಟು ಬಂದಳು. ಹಾರುವ ಮುಂಚೆ ಸುತ್ತು ಬಂದೆ. ಆ ಬಿಲ್ಲೆಯನ್ನು ಪರೀಕ್ಷಿಸುವುದು ಪೈಲಟ್ಟಿನ ಕೆಲಸ, ನನ್ನ ಕೆಲಸ. ನೋಡಿದೆ ಕೂಡ. ನೋಡಿ, ಬೊಟ್ಟು ಚೆನ್ನಾಗಿ ಕೂತಿದೆ ಅಂದುಕೊಂಡೆ.

ನೆಲ ಬಿಟ್ಟು ನೀಲಗಿರಿ ತೋಪಿನ ಮೇಲೆ ಬಂದೆವು. ಹೊಸ ಸ್ಕ್ರೀನು ನಾವಿನ್ನೂ ನೆಲದ ಮೇಲೇ ಇದ್ದೇವೆ ಅನ್ನುತ್ತಿದೆ. ಏರಿದಷ್ಟೂ ವೇಗದ ಅಂಕಿ ಇಳಿಯುತ್ತಿದೆ. ವೇಗ ಕಡಿಮೆಯಾದರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಬೀಳದಿರಲು ಮೂತಿ ಕೆಳಗೆ ಮಾಡಬೇಕು. ಕೆಳಗೆ ಮಾಡಿದೆ. ಮರದ ತುದಿಗಳು ಎದುರಿಗೇ ಬಂದವು. ಹೆಂಡತಿ "ರೀ!" ಅಂತ ನನ್ನ ತೋಳು ಹಿಡಿದಳು. ಆ ಗಳಿಗೆಯಲ್ಲಿ ನನಗೆ ದೇವರ ನೆನಪಾಗಲಿಲ್ಲ, ಹಾಳು ಮೇಸ್ತ್ರಿಯ ಕೂಗು ನೆನಪಾಯಿತು. ಗುಂಡಿ ಎಳೆದೆ. ಅಂಕಿಗಳು ಒಮ್ಮೆಲೇ ಜಿಗಿದು ಸರಿಯಾದವು. ವೇಗ ಬೇಕಾದಷ್ಟಿತ್ತು, ಮೊದಲಿನಿಂದಲೂ ಇತ್ತು. ಮೂತಿ ಎತ್ತಿ, ದೊಡ್ಡದೊಂದು ಸುತ್ತು ಹಾಕಿ ಇಳಿಸಿದೆ. ಹೋಳೂರು ನೋಡಲಾಗಲಿಲ್ಲ.

ವಿಮಾನದಿಂದ ಇಳಿದವನೇ ಮೇಸ್ತ್ರಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ಏನ್ರೀ ಕೆಲ್ಸ ಮಾಡಿದ್ದೀರಾ? ನನ್ ಹೆಂಡ್ತೀನ ಕೊಂದೇಬಿಡ್ತಿದ್ರಲ್ಲ!" ಅವರು ಮಧ್ಯಾಹ್ನದ ಹೊತ್ತಿಗೆ ಬಂದರು. ಯಾರನ್ನೂ ಮಾತಾಡಿಸದೆ ನೇರ ಆ ಬಿಲ್ಲೆಯ ಹತ್ತಿರ ಹೋಗಿ ನಿಂತರು. ಒಣಗಿದ ಗಂಧವನ್ನು ಉಗುರಿನಲ್ಲಿ ಎಬ್ಬಿಸಿ ಅಂಗೈ ಮೇಲೆ ಹಾಕಿಕೊಂಡು ನನ್ನ ಮುಂದೆ ಹಿಡಿದರು. "ಮುಟ್ಟಿ ನೋಡಿದ್ರಾ?" ಅಂತ ಮೆಲ್ಲಗೆ ಕೇಳಿದರು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದರ ಹಿಂದೆಯೇ ಭಯ ಬಂತು. ಹಾರಾಟದಲ್ಲಿ ಇಂಥದ್ದು ನಡೆದರೆ ಎಂಜಿನಿಯರು ಇಲಾಖೆಗೆ ವರದಿ ಬರೆಯಬೇಕು. ಬರೆದರೆ ವಿಚಾರಣೆ, ಮುಗಿಯುವವರೆಗೆ ವಿಮಾನಕ್ಕೆ ಬೀಗ. ಸಂಕ್ರಾಂತಿಗೆ ಮೂರು ತಿಂಗಳು. ನಾನು ದನಿ ಇಳಿಸಿದೆ, ಏಳು ವರ್ಷದಲ್ಲಿ ಮೊದಲ ಸಲ ಕೈಯನ್ನೂ ಮುಗಿದೆ. "ಎಂಜಿನಿಯರ್ರೇ, ತೂತಿನಲ್ಲಿ ಕಡಜ ಗೂಡು ಕಟ್ಟಿತ್ತು ಅಂತ ಬರೀರಿ. ಎಲ್ಲಾ ಕಡೆ ಆಗುತ್ತೆ. ಯಾರಿಗೂ ನಷ್ಟ ಇಲ್ಲ."

"ಕಡಜಕ್ಕೆ ಕುಂಕುಮ ಎಲ್ಲಿಂದ ಬಂತು ಸಾಮಿ?"

"ನನಗಿರೋದು ಮೂರೇ ತಿಂಗಳು."

"ಗೊತ್ತು," ಅಂದರು. ಗೊತ್ತಿದ್ದೂ ಪೆನ್ನು ತೆಗೆದರು. ಹೆಂಡತಿ, "ಅಣ್ಣಾ, ಈ ಸಲ ಒಂದು ಬಿಟ್ಬಿಡಿ," ಅಂದಳು. "ನೀನು ಕೂತಿದ್ದೆ ಕಣಮ್ಮ ಒಳಗೆ. ಹೆಂಗ್ ಬಿಡ್ಲಿ?" ಅಂದರು. ರೆಕ್ಕೆಯ ಕೆಳಗೆ ಕೂತು, ಕಾರ್ಬನ್ ಹಾಳೆ ಇಟ್ಟು, ಇಂಗ್ಲಿಷಿನಲ್ಲಿ ಎರಡು ಪುಟ ಬರೆದರು. ಪ್ರತಿಯನ್ನು ವಿಮಾನದ ದಾಖಲೆ ಪುಸ್ತಕಕ್ಕೆ ಅಂಟಿಸಿ ನನ್ನ ಕೈಗೆ ಕೊಟ್ಟರು. ಮೊದಲ ಪುಟದಲ್ಲಿ ನನ್ನ ಹೆಸರು, ಪೂಜೆ, ಬೊಟ್ಟು, ಹಾರುವ ಮುಂಚೆ ನಾನು ಸರಿಯಾಗಿ ಪರೀಕ್ಷಿಸಲಿಲ್ಲ ಅನ್ನುವುದು, ಎಲ್ಲ ಇತ್ತು. ಇನ್ನೊಂದು ಪುಟ ತಿರುವಲಿಲ್ಲ. ಪುಸ್ತಕವನ್ನು ಶೆಡ್ಡಿನ ಮೂಲೆಗೆ ಎಸೆದೆ. "ಇನ್ನು ಈ ಕಡೆ ತಲೆ ಹಾಕಬೇಡಿ," ಅಂದೆ.

ವಿಮಾನಕ್ಕೆ ಬೀಗ ಬಿತ್ತು. ವಿಚಾರಣೆ ಮುಗಿಯುವಷ್ಟರಲ್ಲಿ ಸಂಕ್ರಾಂತಿ ಕಳೆದು ಶಿವರಾತ್ರಿಯೂ ಆಗಿತ್ತು. ಡಾಕ್ಟರು ಹೇಳಿದ ಹಾಗೇ ಕೈಯೆತ್ತಿಬಿಟ್ಟರು. ನಾನು ಮತ್ತೆ ಹಾರಲಿಲ್ಲ. ಆ ಉರಿಯಲ್ಲಿ, ಅವರಿಂದ ಕೆಲಸ ಮಾಡಿಸುತ್ತಿದ್ದ ಇನ್ನಿಬ್ಬರು ವಿಮಾನದ ಮಾಲೀಕರಿಗೂ ಫೋನು ಮಾಡಿದೆ. "ಆ ಮೇಸ್ತ್ರಿನ ನಂಬಬೇಡಿ. ಕೆಲಸ ಕೆಡಿಸಿ ನನ್ ಮೇಲೆ ಹಾಕ್ದ. ನನ್ ಹೆಂಡ್ತಿ ಉಳಿದಿದ್ದೇ ಪುಣ್ಯ," ಅಂದೆ. ಎರಡು ವರ್ಷ ಬಿಟ್ಟು ಅವರು ತೀರಿಕೊಂಡ ಸುದ್ದಿ ಬಂತು. ಹೆಂಡತಿ ಒಬ್ಬಳೇ ಬಸ್ಸು ಹತ್ತಿ ಮಣ್ಣಿಗೆ ಹೋಗಿಬಂದಳು. ನಾನು ಹೋಗಲಿಲ್ಲ.

ಹೋದ ತಿಂಗಳು ವಿಮಾನ ಕೊಳ್ಳಲು ಒಬ್ಬರು ಬಂದರು. ನಲವತ್ತರ ಆಸುಪಾಸಿನ ಪೈಲಟ್ಟು. ವಿಮಾನಕ್ಕಿಂತ ಮುಂಚೆ ಪುಸ್ತಕ ಕೇಳಿದರು. ಧೂಳು ಕೊಡವಿ ಕೊಟ್ಟೆ. ಆ ವರದಿಯ ಹತ್ತಿರ ಬಂದವರು ಓದಿ, ಪುಟ ತಿರುವಿದರು. ಎರಡನೇ ಪುಟವನ್ನು ಗಟ್ಟಿಯಾಗಿ ಓದಿದರು. ಕನ್ನಡದಲ್ಲಿ ಹೇಳುವುದಾದರೆ ಮೇಸ್ತ್ರಿ ಬರೆದದ್ದು ಹೀಗಿತ್ತು: ಪೂಜೆ ಮಾಡುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ತೂತಿಗೆ ಮುಚ್ಚಳ ಹಾಕದೆ ಊರಿಗೆ ಹೋದೆ. ಮಾಲೀಕರೊಂದಿಗೆ ಮಾತು ಬೆಳೆದು ಸಿಟ್ಟಿನಲ್ಲಿದ್ದೆ. ಮಾಲೀಕರದ್ದು ಅಜ್ಞಾನ, ನನ್ನದು ಅಲಕ್ಷ್ಯ. ಹೆಚ್ಚಿನ ತಪ್ಪು ನನ್ನದು. ಕೆಳಗೆ, ವಿಚಾರಣೆಗೆ ಬಂದ ಇಲಾಖೆಯವರು ಅಂಟಿಸಿಹೋದ ಚೀಟಿ ಇತ್ತು. ಎಂಜಿನಿಯರರ ಲೈಸೆನ್ಸನ್ನು ಆರು ತಿಂಗಳು ತಡೆಹಿಡಿಯಲಾಗಿದೆ.

"ಯಾರು ಸಾರ್ ಇವರು? ಎಲ್ಲಿದ್ದಾರೆ? ಇವರ ಕೈಲೇ ಕೆಲಸ ಮಾಡಿಸ್ಬೇಕು," ಅಂದರು ಬಂದವರು. ಹೆಂಡತಿ ನನ್ನ ಮುಖ ನೋಡಿದಳು. ನಾನು ಹೊರಗೆ ಬಂದೆ. ಸತ್ತವರ ಮೇಲೂ ಸಿಟ್ಟೇ ಬಂತು. ಎರಡನೇ ಪುಟ ಓದಿ ಸಾಮಿ ಅಂತ ಬಾಯಿಬಿಟ್ಟು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಸಂಜೆ ಆ ಇಬ್ಬರು ಮಾಲೀಕರಿಗೂ ಫೋನು ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು ಹೊಸೂರಿನ ಕಡೆಯವರು, ಎತ್ತಿದರು. "ಅವತ್ತು ಬೊಟ್ಟಿಟ್ಟಿದ್ದು ನಾನು. ಮೇಸ್ತ್ರಿಯ ಕೆಲಸದಲ್ಲಿ ಏನೂ ಕೆಟ್ಟಿರಲಿಲ್ಲ," ಅಂದೆ.

ಹೊಸೂರಿನವರೆಂದರು, "ಈಗ ಹೇಳ್ತಿದ್ದೀರಲ್ಲ. ಲೈಸೆನ್ಸು ವಾಪಸ್ ಬಂದ್ಮೇಲೆ ಅವರು ನನಗೆ ನಾಲ್ಕ್ ಸಲ ಫೋನ್ ಮಾಡಿದ್ರು, ಕೆಲಸ ಇದ್ರೆ ಬರ್ತೀನಿ ಅಂತ. ನೀವು ಹೇಳಿದ್ರಲ್ಲ, ನಾನು ಬೇಡ ಅಂದ್ಬಿಟ್ಟೆ."