ಮೂರನೆಯ ತಟ್ಟೆ

ರಾಜಾಜಿನಗರದ ನಮ್ಮ ಕಾರ್ಖಾನೆಯ ಲೇತ್‌ಗಳನ್ನು ಕೂರಿಸಿಕೊಡಲು ಕೊಲಂಬಿಯಾದ ಬೊಗೊಟಾಕ್ಕೆ ಬಂದಿದ್ದೇವೆ, ನಾನು ಮತ್ತು ವಿಜಯನಗರದ ಶ್ರೀನಿವಾಸ. ಸ್ಪ್ಯಾನಿಷ್ ಇಬ್ಬರಿಗೂ ಬಾರದು. ಇವತ್ತು ಮಧ್ಯಾಹ್ನ ಲಾಡ್ಜಿನ ಪಕ್ಕದ ಓಣಿಯ ಹೋಟೆಲಿನಲ್ಲಿ ಕೋಳಿ, ಹಂದಿ, ಮೀನಿನ ಚಿತ್ರ ಬರೆದು ಮೂರಕ್ಕೂ ಗೀಟು ಹಾಕಿ ತೋರಿಸಿದೆ. ಹೋಟೆಲಿನ ಯಜಮಾನಿ, ಅರವತ್ತರ ಹೆಂಗಸು, ಅಯ್ಯೋ ಪಾಪ ಎನ್ನುವಂತೆ ನನ್ನನ್ನು ನೋಡಿ ಅನ್ನ, ಬೇಳೆ, ಕರಿದ ಬಾಳೆಹಣ್ಣು ತಂದಿಟ್ಟರು. ಬೇಳೆ ನಮ್ಮ ಮನೆಯದರಂತೆಯೇ ಇತ್ತು, ಒಗ್ಗರಣೆಯೊಂದಿಲ್ಲ.

ಉಂಡು ಮುಗಿಸಿ, ಅಭ್ಯಾಸದಂತೆ ತಟ್ಟೆಗೆ ನೀರು ಹಾಕಿ, ತೊಳೆದು ಕುಡಿದೆ. "ಒಂದಗಳೂ ಬಿಡಬ್ಯಾಡಪ್ಪ, ಅದು ಪ್ರಸಾದ" ಎಂದು ಅವ್ವ ಕಲಿಸಿದ್ದು. ಯಜಮಾನಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಏನೋ ಹೇಳುತ್ತ ಇನ್ನೊಂದು ತಟ್ಟೆ ತುಂಬಿ ತಂದರು. ಅದನ್ನೂ ಉಂಡು, ತೊಳೆದು ಕುಡಿದೆ. ಮತ್ತೊಂದು ಬಂತು.

"ಸಾಕು ಗುರು, ಈ ಸಲ ತೊಳೀಬೇಡ ಕಣೋ" ಎಂದ ಶ್ರೀನಿವಾಸ. "ಆಯಮ್ಮ ನಿಂಗಿನ್ನೂ ಹಸಿವು ಅಂದ್ಕೊಂಡಿದಾರೆ."

ಬುದ್ಧಿ ಬಂದ ಮೇಲೆ ಮೊದಲ ಸಲ ಒಂದು ಹಿಡಿ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಕೈತೊಳೆದೆ. ಅವ್ವನಿಗೆ ಬರೆಯುವ ಏರೋಗ್ರಾಮಿನಲ್ಲಿ ಇದು ಇರುವುದಿಲ್ಲ. ಆ ಒಂದು ಹಿಡಿಯನ್ನು ನೋಡಿದ ಮೇಲೆಯೇ ಯಜಮಾನಿಯ ಮುಖ ಅರಳಿದ್ದು.