ಅರಿಶಿನದ ಮೇಲೆ ಸುಣ್ಣ

ಸ್ನೇಹಿತರೇ, ಇವತ್ತು ಅಜ್ಜಂಪುರಕ್ಕೆ ಹೆಣ್ಣು ನೋಡಲು ಹೋಗಿದ್ದೆ. ಎಲ್ಲರೂ ನೋಡಿದ್ದು ನನ್ನನ್ನೇ.

ದೇವನೂರು ಬಿಟ್ಟು ಕೆಮ್ಮಣ್ಣುಗುಂಡಿಯ ಗಣಿ ಸೇರಿದ ಮೇಲೆ ಮುಖದ ತುಂಬ ಮೊಡವೆ. ಎರಡು ಮನೆಯವರು ಅದನ್ನು ನೋಡಿಯೇ ಬೇಡವೆಂದಿದ್ದರು. ಜೊತೆಗೆ ಕೆಲಸ ಮಾಡುವ ರಂಗಪ್ಪ, "ಅರಿಶಿನ ಹಚ್ಚಿ, ಮೇಲೆ ಸುಣ್ಣ ಇಡು. ಬೆಂಗಳೂರಲ್ಲಿ ಈಗ ಎಲ್ರೂ ಹಿಂಗೇ ಕಣೋ" ಎಂದಿದ್ದ. ರೈಲು ಇಳಿದವನೇ ಮುಖಕ್ಕೆಲ್ಲ ಅರಿಶಿನ ಬಳಿದು, ಒಂದೊಂದು ಮೊಡವೆಗೂ ಎಲೆಯಡಿಕೆಯ ಸುಣ್ಣ ಇಟ್ಟೆ. ಕನ್ನಡಿ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಪಂಚೆಯಲ್ಲಿ ಒರೆಸಿಕೊಂಡು ಹೋದೆ.

ಹುಡುಗಿ ತಲೆಯೆತ್ತಿದಳು. "ಅಜ್ಜೀ, ಇವ್ರಿಗೆ ಮುಖದ ತುಂಬ ಯಾರೋ ಕುಂಕುಮ ಇಟ್ಟವ್ರೆ."

ಅಜ್ಜಿ ಹತ್ತಿರ ಬಂದು ನೋಡಿದರು. "ಏನಪ್ಪಾ, ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗ್ತದೆ. ಆರತಿ ನೀರು ಮಾಡೋದೇ ಹಂಗೆ, ನಿಮ್ಮವ್ವ ಹೇಳ್ಲಿಲ್ವಾ? ಬರೀ ಅರಿಶಿನ ಸಾಕಾಗಿತ್ತು. ಸುಣ್ಣ ಚರ್ಮ ಸುಡ್ತದೆ."

ಉರಿಯುವ ಕೆನ್ನೆ ಹಿಡಿದುಕೊಂಡು ಹೊರಡಲು ಎದ್ದೆ.

"ಕೂತ್ಕೊಳಪ್ಪಾ," ಎಂದರು ಅಜ್ಜಿ. "ಮದ್ವೆಗೆ ಅರಿಶಿನ ನಾವೇ ಹಚ್ತೀವಿ. ಅಲ್ಲೀಗಂಟ ನೀನು ಮುಖ ಮುಟ್ಬ್ಯಾಡ."

ಹುಡುಗಿ ನಗುತ್ತಲೇ ಹೂಂ ಎಂದು ತಲೆಯಾಡಿಸಿದಳು. ಇದೆಲ್ಲ ತನ್ನ ಔಷಧಿಯ ಗುಣವೆಂದು ರಂಗಪ್ಪ ಈಗ ಗಣಿಯವರಿಗೆಲ್ಲ ಹೇಳುತ್ತಿದ್ದಾನೆ.