ದೀಪ ದೊಡ್ಡದು ಮಾಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು ಹಿರಿಯರು. ಮನೆ ಮಾರಿ ನೋಡು ಅನ್ನುವುದು ಅವರಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಮಿಕ್ಕೆರಡನ್ನೂ ಸಲೀಸು ಅಂದುಬಿಡುತ್ತಿದ್ದರೋ ಏನೋ. ಪರದೇಶದಲ್ಲಿ, ಕ್ಯಾನ್ಯನ್ ಪಾರ್ಕಿನ ಹತ್ತಿರ ತಾನು ಬದುಕು ಕಳೆದ ಮನೆಯ ಮುಂದೆ ಮಾರಾಟದ ಬೋರ್ಡು ನೆಟ್ಟ ದಿನದಿಂದ ಸತ್ಯಭಾಮಾಗೆ ಹಾಗನ್ನಿಸುತ್ತಿತ್ತು.

ಮಾರದೆ ವಿಧಿಯಿರಲಿಲ್ಲ. ಗಂಡ ರಾಮಕೃಷ್ಣ ವಿಮಾನದ ರೆಕ್ಕೆಗಳ ಲೆಕ್ಕ ಹಾಕುತ್ತಲೇ ನಿವೃತ್ತರಾದವರು. ಈಗ ಸ್ವಂತ ಮಂಡಿಗಳ ಲೆಕ್ಕವೇ ತಪ್ಪಿತ್ತು. ಮಲಗುವ ಕೋಣೆ, ಬಚ್ಚಲು ಎಲ್ಲ ಮಹಡಿಯ ಮೇಲೆ. ಚಳಿಗಾಲದಲ್ಲಿ ಒಮ್ಮೆ ಮೆಟ್ಟಿಲ ಮೇಲೆ ಕಾಲು ಸೋತು ಉರುಳಿಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಅಂದಿನಿಂದ ಅವರು ಮೆಟ್ಟಿಲು ಹತ್ತಿದಾಗಲೆಲ್ಲ ಸತ್ಯಭಾಮಾ ಹಿಂದೆಯೇ ಹತ್ತುತ್ತಿದ್ದಳು, ಬಿದ್ದರೆ ಅಷ್ಟು ದೊಡ್ಡ ಆಳನ್ನು ತಾನು ಹಿಡಿದುಬಿಡುತ್ತೇನೆ ಅನ್ನುವ ಹಾಗೆ. ಪಕ್ಕದ ಊರು ಕರ್ಕ್‌ಲ್ಯಾಂಡಿನಲ್ಲಿ ಲಿಫ್ಟ್ ಇರುವ, ಒಳಗೆ ಒಂದೂ ಮೆಟ್ಟಿಲಿಲ್ಲದ ಪುಟ್ಟ ಫ್ಲ್ಯಾಟು ನೋಡಿಟ್ಟಿದ್ದರು. ಈ ಮನೆ ಬೇಗ ಹೋದರೆ ಅದು ಇವರಿಗೆ, ತಡವಾದರೆ ಬೇರೆಯವರ ಪಾಲಿಗೆ.

ಮನೆ ಮಾರಿಕೊಡುವ ಏಜೆಂಟ್ ಸೋನಿಯಾ ಒಳ್ಳೆಯ ಹುಡುಗಿಯೇ. ಆದರೆ ಅವಳ ಮಡಿ ಸತ್ಯಭಾಮಾಳ ಅಜ್ಜಿಯ ಮಡಿಯನ್ನೂ ಮೀರಿಸಿತ್ತು. ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಗೋಡೆಯ ಮೇಲೆ ಮಗಳ ಫೋಟೋ ಕೂಡ ಇರುವಂತಿಲ್ಲ. ಜನ ನೋಡಲು ಬಂದಾಗ ಮನೆಯವರು ಮನೆಯಲ್ಲಿರುವಂತಿಲ್ಲ. ಮೆಟ್ಟಿಲ ಕೆಳಗಿನ, ಬಾಗಿಲಿರುವ, ಆಳು ನಿಲ್ಲುವಷ್ಟು ಎತ್ತರದ ಗೂಡು ಇವರಿಗೆ ದೇವರಮನೆ. ಸೋನಿಯಾಳ ಜಾಹೀರಾತಿನಲ್ಲಿ ಅದು ಕೋಟು ನೇತುಹಾಕುವ ಜಾಗ. ಹೀಗಾಗಿ ಪ್ರತಿಸಲವೂ ದೇವರುಗಳು ಸೂಟ್‌ಕೇಸಿಗಿಳಿದು ಕಾರಿನ ಡಿಕ್ಕಿ ಸೇರುತ್ತಿದ್ದರು. ಅವರ ಜಾಗದಲ್ಲಿ ರಾಮಕೃಷ್ಣರ ಎರಡು ಹಳೇ ಕೋಟುಗಳು ತೂಗಾಡುತ್ತಿದ್ದವು.

ಗಂಡ ಹೆಂಡತಿ ಆಗ ಯಾವುದೋ ಆಫೀಸಿನ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿಕೊಂಡು, ಡಬ್ಬಿಯ ಮೊಸರನ್ನ ತಿನ್ನುತ್ತ ಕೂರುವರು.

"ಹೆಣ್ಣು ನೋಡೋಕೆ ಬಂದೋರಿಗೂ ಉಪ್ಪಿಟ್ಟು, ಕೇಸರಿಭಾತ್ ಕೊಡ್ತಾರೆ. ನಮ್ಮನೆಗೆ ಬಂದೋರಿಗೆ ಒಂದು ಲೋಟ ನೀರು ಕೊಡೋ ಹಾಗಿಲ್ಲ," ಎಂದಳು ಸತ್ಯಭಾಮಾ ಒಂದು ಸಂಜೆ.

"ನಿನ್ನ ನೋಡೋಕೆ ಬಂದಾಗ ಉಪ್ಪಿಟ್ಟಿಗೆ ಉಪ್ಪೇ ಇರ್ಲಿಲ್ಲ."

"ಆದ್ರೂ ಒಪ್ಕೊಂಡ್ರಲ್ಲ."

"ಮನೆ ಚೆನ್ನಾಗಿತ್ತು," ಎಂದರು ರಾಮಕೃಷ್ಣ.

ಅವಳು ನಕ್ಕಳು. ಆದರೆ ಮನಸ್ಸು ಮನೆಯಲ್ಲೇ ಇತ್ತು. ಜನ ಬರುತ್ತಿದ್ದದ್ದು ಕೆಲಸ ಮುಗಿಸಿ, ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ. ನಂಜನಗೂಡಿನಿಂದ ಮದುವೆಯಾಗಿ ಈ ದೇಶಕ್ಕೆ ಬಂದವಳು ತಂದದ್ದರಲ್ಲಿ ಉಳಿದಿರುವುದೆಂದರೆ ಅಜ್ಜಿ ಸಾಕಮ್ಮ ಕೊಟ್ಟ ಹಿತ್ತಾಳೆ ದೀಪ ಒಂದೇ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸದಲ್ಲಿದ್ದ ವರ್ಷಗಳಲ್ಲೂ, ಜ್ವರ ಬಂದಾಗಲೂ, ಸಂಜೆಯಾದರೆ ಅದನ್ನು ಹಚ್ಚಿದ್ದಾಳೆ.

"ಮನೇನ ಕತ್ತಲಲ್ಲಿ ಬಿಟ್ಟು ಬಂದಹಾಗಿರುತ್ತೆ ಕಣ್ರೀ."

"ಸೋನಿಯಾ ಇರೋ ಬರೋ ಬಲ್ಬೆಲ್ಲ ಹಾಕಿರ್ತಾಳೆ."

"ಬಲ್ಬು ಬೇರೆ, ದೀಪ ಬೇರೆ," ಎಂದು ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಎಡವಟ್ಟಾದದ್ದು ಒಂದು ಶುಕ್ರವಾರ. ಅವತ್ತು ಯಾರೂ ಬರುವವರಿರಲಿಲ್ಲ. ರಾಮಕೃಷ್ಣರಿಗೆ ಸಂಜೆ ಮಂಡಿಯ ವ್ಯಾಯಾಮ ಮಾಡಿಸುವವರ ಹತ್ತಿರ ಹೋಗಬೇಕಿತ್ತು. ಸತ್ಯಭಾಮಾ ಸ್ವಲ್ಪ ಬೇಗನೆ ದೀಪ ಹಚ್ಚಿ, ಮಗಳು ಮೈತ್ರಿಗೆ ನೋಡಿಕೊಳ್ಳಲು ಹೇಳಿ ಹೊರಟಳು. ಸಾಮಾನು ಕಟ್ಟಲು ನೆರವಾಗಲೆಂದು ಬಂದಿದ್ದ ಮೈತ್ರಿ ಮಹಡಿಯ ಮೇಲೆ ಕೂತು ತನ್ನ ಆಫೀಸಿನ ಕೆಲಸ ಮಾಡುತ್ತಿದ್ದಳು. ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಇಂಗ್ಲಿಷು.

ದಾರಿಯಲ್ಲಿ ಸೋನಿಯಾಳ ಫೋನು ಬಂತು. ಒಂದು ಜೋಡಿ ಮನೆಯ ಹತ್ತಿರವೇ ಇದೆಯಂತೆ, ಈಗಲೇ ನೋಡಬೇಕಂತೆ, ತುಂಬಾ ಆಸೆಯಿಂದ ಇದ್ದಾರಂತೆ. ಸತ್ಯಭಾಮಾ ತಕ್ಷಣ ಮಗಳಿಗೆ ಫೋನು ಹಚ್ಚಿದಳು.

"ಮನೆ ನೋಡೋಕೆ ಬರ್ತಿದಾರೆ. ದೇವರ ದೀಪ ದೊಡ್ಡದು ಮಾಡಿಬಿಟ್ಟು ನೀನು ಹೊರಗೆ ಹೋಗು."

ಇವರು ಕಾರು ತಿರುಗಿಸಿಕೊಂಡು ಬರುವಷ್ಟರಲ್ಲಿ ಮನೆಯ ಹೊಗೆ ಅಲಾರಾಂ ಬೀದಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಹುಲ್ಲಿನ ಮೇಲೆ ಆ ಜೋಡಿ ಅಳುವ ಮಗುವಿನ ಕಿವಿ ಮುಚ್ಚಿ ನಿಂತಿತ್ತು. ಸೋನಿಯಾ ಕಿಟಕಿಗಳನ್ನು ತೆರೆಯುತ್ತಿದ್ದಳು. ದೇವರ ಗೂಡಿನ ಚಾವಣಿ ಕಪ್ಪಗೆ ಮಸಿ ಹಿಡಿದಿತ್ತು. ಪುಣ್ಯಕ್ಕೆ ಬೆಂಕಿ ಹತ್ತಿರಲಿಲ್ಲ. ಮಗುವಿನ ತಾಯಿ ಒಳಗೂ ಬಾರದೆ ಕಾರು ಹತ್ತಿದಳು.

"ಏನು ಮಾಡಿದೆ ಮೈತ್ರಿ?"

ಮೈತ್ರಿಯ ಕಣ್ಣು ತುಂಬಿತ್ತು. ಬತ್ತಿ ಮೇಲೆಳೆದೆ, ಇನ್ನೆರಡು ಬತ್ತಿ ಸೇರಿಸಿ ತುಂಬ ಎಣ್ಣೆ ಹಾಕಿದೆ, ಬಂದವರಿಗೆ ವಾಸನೆ ಬರದಿರಲಿ ಅಂತ ಗೂಡಿನ ಬಾಗಿಲು ಮುಚ್ಚಿದೆ ಎಂದು ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಹೇಳಿದಳು. ಕೊನೆಗೆ ಬಂದದ್ದೊಂದೇ ಕನ್ನಡ: "ನೀನೇ ಹೇಳಿದ್ದು, ದೊಡ್ಡದು ಮಾಡು."

ರಾಮಕೃಷ್ಣ ಕುರ್ಚಿಯಲ್ಲಿ ಕೂತು ಕೆಮ್ಮುತ್ತಲೇ ನಗತೊಡಗಿದರು. ಸತ್ಯಭಾಮಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೀಪವನ್ನು ಆರಿಸು ಅನ್ನಬಾರದು, ಅದು ಕೆಟ್ಟ ಮಾತು, ದೊಡ್ಡದು ಮಾಡು ಅನ್ನಬೇಕೆಂದು ಸಾಕಮ್ಮ ಚಿಕ್ಕಂದಿನಲ್ಲೇ ತಿದ್ದಿದ್ದಳು. ಆರಿಸುವವಳು ಯಾವಾಗಲೂ ತಾನೇ ಆಗಿದ್ದರಿಂದ ಮಗಳಿಗೆ ಅದನ್ನು ಹೇಳಿಕೊಡುವ ಸಂದರ್ಭವೇ ಬಂದಿರಲಿಲ್ಲ. ಈಗ ಹೇಳಿದಳು, ಊದಬಾರದು, ಒದ್ದೆ ಹೂವಿನೆಸಳಿನಿಂದ ಬತ್ತಿ ಒತ್ತಬೇಕೆಂದೂ. ಮೈತ್ರಿ ಮೂಗೊರೆಸಿಕೊಳ್ಳುತ್ತ ಕೇಳಿಸಿಕೊಂಡಳು.

ಮುಂದಿನ ಜನ ಭಾನುವಾರ ಬರುತ್ತಾರೆ, ಅಷ್ಟರಲ್ಲಿ ಗೂಡಿಗೆ ಬಣ್ಣ ಬಳಿಸಿ ಎಂದು ಹೇಳಿ ಸೋನಿಯಾ ಹೋದಳು. ಮರುದಿನ ಬೆಳಿಗ್ಗೆ ಸತ್ಯಭಾಮಾ ಬಣ್ಣದ ಡಬ್ಬಿ ಕೊಂಡು ಬಂದು ನೋಡುತ್ತಾಳೆ, ರಾಮಕೃಷ್ಣ ಗೂಡಿನೊಳಗೆ ಸ್ಟೂಲಿನ ಮೇಲೆ ನಿಂತಿದ್ದಾರೆ. ಒಂದು ಕೈ ಕೋಟು ನೇತುಹಾಕುವ ಕಂಬಿಯ ಮೇಲೆ, ಇನ್ನೊಂದರಲ್ಲಿ ಮಸಿಯ ಬಟ್ಟೆ. ಮಂಡಿ ನಡುಗುತ್ತಿದೆ. ಕೂಗಿದರೆ ಬೆಚ್ಚಿ ಬಿದ್ದಾರೆಂದು ಅವಳು ಕೂಗಲಿಲ್ಲ. ಮೆಲ್ಲಗೆ ಹೋಗಿ ಸೊಂಟವನ್ನು ಎರಡೂ ಕೈಗಳಿಂದ ಬಳಸಿ ಹಿಡಿದು, ಅವರು ಒಂದೊಂದೇ ಕಾಲು ನೆಲಕ್ಕಿಡುವ ತನಕ ಹಾಗೇ ನಿಂತಳು.

"ಯಾರು ಹತ್ತಿ ಅಂದೋರು ನಿಮ್ಗೆ?"

"ಮೈತ್ರಿ ಎದ್ದು ಮಸಿ ನೋಡಿದ್ರೆ ಮತ್ತೆ ಅಳ್ತಾಳೆ. ಅದಕ್ಕೇ ಒರೆಸೋಣ ಅಂತ."

ಆ ಮುಖದ ಮೇಲೆ ಮೂಗಿನುದ್ದಕ್ಕೂ ಮಸಿ. ಇಂಥ ಗಂಡನನ್ನು ಬೈಯುವುದು ಹೇಗೆ? ಅವಳು ಬೈಯಲಿಲ್ಲ. ದೀಪವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟಳು.

"ಮನೆ ಹೋಗೋವರೆಗೂ ದೀಪ ಬೇಡ."

"ನಿನ್ನ ಕೈಲಿ ಆಗುತ್ತಾ ಸತ್ಯಾ?"

"ದೇವರಿಗೆ ಕಾಯೋದು ಗೊತ್ತು. ನಿಮ್ಮ ಮಂಡಿಗೆ ಗೊತ್ತಿಲ್ಲ."

ಹೇಳುವುದೇನೋ ಹೇಳಿದಳು. ಆಮೇಲೆ ಸಂಜೆಯಾದರೆ ಕೈ ತಾನಾಗಿ ಬೆಂಕಿಪೊಟ್ಟಣ ಹುಡುಕುತ್ತಿತ್ತು. ಅಂಥ ಹೊತ್ತಿನಲ್ಲಿ ಸುಮ್ಮನೆ ಒಲೆ ಒರೆಸುವಳು. ಕೆಲವು ವಾರಗಳಲ್ಲಿ ಮನೆಯನ್ನು ಯಾರೋ ಕೊಂಡರು. ಅವರ ಮುಖವನ್ನು ಇವರು ಕಡೆಗೂ ನೋಡಲಿಲ್ಲ. ಕರ್ಕ್‌ಲ್ಯಾಂಡಿನ ಫ್ಲ್ಯಾಟು ಉಳಿಯಿತು.

ಕೀಲಿ ಕೊಡುವ ದಿನ ಸಾಮಾನಿನ ಲಾರಿ ಮುಂದೆ ಹೋಯಿತು. ರಾಮಕೃಷ್ಣ ಕಾರಿನಲ್ಲಿ ಕೂತರು, ಸೋನಿಯಾ, ಮೈತ್ರಿ ಹೊರಗೆ ಕಾದಿದ್ದರು. ಸತ್ಯಭಾಮಾ ಖಾಲಿ ಮನೆಯೊಳಗೆ ಹೋಗಿ, ಬೆಳ್ಳಗೆ ಬಣ್ಣ ಬಳಿದ ಗೂಡಿನಲ್ಲಿ ದೀಪವಿಟ್ಟು ಹಚ್ಚಿದಳು. ಇಷ್ಟು ದಿನದ ಬಾಕಿ ತೀರಿಸುವವಳ ಹಾಗೆ ಕೂತು ನೋಡಿದಳು. ಆಮೇಲೆ ಹೊರಡಬೇಕಾಯಿತು.

ಆಗ ಅವಳ ಕೈ ಏಳಲಿಲ್ಲ. ದಿನವೂ ಶಾಂತ ಮಾಡಿದ ದೀಪವೇ. ಆದರೆ ಪ್ರತಿ ಸಲವೂ, ನಾಳೆ ಇಲ್ಲೇ ಹಚ್ಚುತ್ತೇನೆ ಅನ್ನುವ ಧೈರ್ಯದ ಮೇಲೆ ಮಾಡಿದ್ದಳು. ಇವತ್ತು ಆ ನಾಳೆ ಇರಲಿಲ್ಲ. ಇವತ್ತು ದೊಡ್ಡದು ಮಾಡುವುದೆಂದರೆ ನಿಜಕ್ಕೂ ಆರಿಸುವುದೇ ಅನ್ನಿಸಿ ಅವಳಿಗೆ ತುಂಬ ದುಃಖವಾಯಿತು.

ಮೈತ್ರಿ ಬಂದು ಪಕ್ಕದಲ್ಲಿ ಕೂತಳು. ಅಂಗಳದ ಗುಲಾಬಿಯ ಎಸಳೊಂದು, ಕುಡಿಯುವ ನೀರಿನ ಬಾಟಲಿ ಅವಳ ಕೈಯಲ್ಲಿದ್ದವು. ಅಮ್ಮನ ಮುಖ ನೋಡಿದಳು, ಎಸಳಿಗೆ ನೀರು ಹನಿಸಿ, ಸಾಕಮ್ಮನ ಮರಿಮೊಮ್ಮಗಳು ಬತ್ತಿಯನ್ನು ಮೃದುವಾಗಿ ಒತ್ತಿದಳು. ಸಣ್ಣಗೆ ಹೊಗೆ ಎದ್ದಿತು.

"ದೊಡ್ಡದು ಮಾಡಿದೆ, ಅಮ್ಮ," ಎಂದಳು. ಮುಂದಿನ ಮಾತಿಗೆ ಕನ್ನಡ ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. "ಅಲ್ಲಿ ಹೋಗಿ... ಸಾಯಂಕಾಲ ನಾನು ಹಚ್ಲಾ?"

ಸತ್ಯಭಾಮಾ ಹೂಂ ಅಂದಳು. ಬಿಸಿ ಆರದ ದೀಪವನ್ನು ಶಾಲಿನಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, ಬಾಗಿಲು ಎಳೆದುಕೊಂಡಳು.